ಪಹಣಿ ಯಾರ ಹೆಸರಲ್ಲಿ ಅದೆ?

ಭಗವದ್ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಕೃಷ್ಣ ಈ ದೇಹವನ್ನು ಹೊಲ ಅನ್ನುತ್ತಾನೆ. ಅದನ್ನು ಅರಿತು ಒಳಗೆ ಕೂತಿರುವವನು ಕ್ಷೇತ್ರಜ್ಞ, ಅಂದರೆ ಆತ್ಮ. ಅರ್ಜುನ ಅರಮನೆಯಲ್ಲಿ ಬೆಳೆದವನು, ಗುದ್ದಲಿ ಮುಟ್ಟಿದವನಲ್ಲ, ಕೈಮುಗಿದು ಕೇಳಿಕೊಂಡ. ಅದೇ ಮಾತನ್ನು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ನಿಂತು ಮಂಡ್ಯ, ಮದ್ದೂರು ಕಡೆಯ ರೈತನೊಬ್ಬನಿಗೆ ಹೇಳಿ ನೋಡಿ. ನೀರಾವರಿಯೋ ಖುಷ್ಕಿಯೋ, ಎಷ್ಟು ಎಕರೆ, ಗಾಡಿ ಹೋಗಲು ದಾರಿ ಉಂಟೋ, ಪಹಣಿ ಯಾರ ಹೆಸರಲ್ಲಿ ಅದೆ ಎಂದು ಕೇಳದೆ ಅವನು ನಿಮ್ಮನ್ನು ಮುಂದಿನ ಶ್ಲೋಕಕ್ಕೆ ಬಿಡುವುದಿಲ್ಲ. ಇವು ವೇದಾಂತಕ್ಕೆ ಹೊರಗಿನ ಪ್ರಶ್ನೆಗಳು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಕಡೆಯದಂತೂ ಉಪನಿಷತ್ತಿನ ಕಾಲದಿಂದ ಇತ್ಯರ್ಥವಾಗದೆ ಉಳಿದ ವ್ಯಾಜ್ಯ.

ನನಗೊಬ್ಬರು ಸೋದರಮಾವ ಇದ್ದರು. ಮದ್ದೂರು ತಾಲ್ಲೂಕಿನವರು. ಒಂದಿಷ್ಟು ಕಬ್ಬು, ಒಂದಿಷ್ಟು ಭತ್ತ, ಮಿಕ್ಕಿದ್ದೆಲ್ಲ ಮಾತು. ಊರ ರಾಮಮಂದಿರದಲ್ಲಿ ಒಮ್ಮೆ ಗೀತೆಯ ಉಪನ್ಯಾಸ ಇಟ್ಟಿದ್ದರು. ಆತ್ಮ ಏನನ್ನೂ ಮಾಡುವುದಿಲ್ಲ, ಉಳುವುದಿಲ್ಲ, ಬಿತ್ತುವುದಿಲ್ಲ, ಕೇವಲ ಸಾಕ್ಷಿಯಾಗಿ ನೋಡುತ್ತಿರುತ್ತದೆ ಎಂದು ಉಪನ್ಯಾಸಕರು ವಿವರಿಸುತ್ತಿದ್ದರು. ಮಾವ ಎದ್ದು ನಿಂತು, "ಸ್ವಾಮೇರಾ, ಬದಿನ ಮ್ಯಾಲೆ ಕುಂತ್ಕಂಡು ಬರೀ ನೋಡ್ಕಂಡಿರೋನು ಒಡೆಯ ಹೆಂಗಾಯ್ತಾನೆ? ಅಂಗೆ ಕುಂತಿದ್ದೋರ ಜಮೀನ್ನೆಲ್ಲ ದೇವರಾಜ ಅರಸು ಕಿತ್ತು ಉಳೋರ್ಗೆ ಕೊಡ್ಲಿಲ್ವಾ?" ಎಂದು ಕೇಳಿದರು. ಸಭೆ ನಕ್ಕಿತು. ಉಪನ್ಯಾಸಕರೂ ನಕ್ಕರು, ಉತ್ತರ ಮಾತ್ರ ಕೊಡಲಿಲ್ಲ.

ಆ ಕಾಲ ಕಾಣದವರಿಗೆ ಒಂದು ಮಾತು. 1974ರಲ್ಲಿ, ಅರಸು ಮುಖ್ಯಮಂತ್ರಿಯಾಗಿದ್ದಾಗ, ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ಉಳುವವನೇ ಹೊಲದೊಡೆಯ ಎಂದಾಯಿತು. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕಿತ್ತು, ತಾನೇ ಉಳುತ್ತಿದ್ದೇನೆ ಎಂದು ತೋರಿಸಬೇಕಿತ್ತು, ಜಮೀನು ಅವನದಾಗುತ್ತಿತ್ತು. ಪಟ್ಟಣದಲ್ಲಿ ಕೂತು ಸುಗ್ಗಿಗೆ ಮಾತ್ರ ಊರಿಗೆ ಬಂದು ಗೇಣಿ ಭತ್ತ ಅಳೆಸಿಕೊಂಡು ಹೋಗುತ್ತಿದ್ದ ಒಡೆಯರು ಒಂದು ಬೆಳಿಗ್ಗೆ ಬರಿಗೈಯಾದರು.

ಮಾವನ ಪ್ರಶ್ನೆಯನ್ನು ನಾನು ಆಮೇಲೆ ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಸಾಂಖ್ಯರ ಪುರುಷ ಥೇಟು ಆ ಪಟ್ಟಣದ ಒಡೆಯನೇ. ಪ್ರಕೃತಿ ದುಡಿಯುತ್ತದೆ, ಬೆವರು ಸುರಿಸುತ್ತದೆ, ಹೆರುತ್ತದೆ, ಮುದಿಯಾಗುತ್ತದೆ, ಪುರುಷ ನೋಡುತ್ತಾನೆ. ಶಂಕರರ ಅದ್ವೈತದಲ್ಲಿ ಇನ್ನೂ ಬಿಗಿ. ಅಲ್ಲಿ ಹೊಲವೂ ನಿಜವಾಗಿ ಇವನದಲ್ಲ, ಇವನು ಹೊಲದವನೂ ಅಲ್ಲ; ಒಂದರ ಗುಣವನ್ನು ಇನ್ನೊಂದರ ಮೇಲೆ ಹೇರಿಕೊಂಡು "ನಾನು ದಪ್ಪ, ನಾನು ಕುಂಟ" ಎಂದು ನರಳುವುದೇ ಮೂಲ ತಪ್ಪು. ಬ್ರಹ್ಮಸೂತ್ರ ಭಾಷ್ಯವನ್ನು ಅವರು ಶುರುಮಾಡುವುದೇ ಈ ಅಧ್ಯಾಸದ ವಿಚಾರದಿಂದ. ಇನ್ನು ಚಾರ್ವಾಕ. ಅವನು ದೇಹದ ಕಡೆಯಿಂದ ಫಾರಂ 7 ತುಂಬಿ ಸಲ್ಲಿಸಿದವನು. ಉಳುವುದು ನಾನು, ಉಣ್ಣುವುದು ನಾನು, ನೋವು ನನ್ನದು, ಒಡೆಯ ಎಂಬ ಬೇರೆ ಪ್ರಾಣಿ ಎಲ್ಲಿದ್ದಾನೆ ಕರೆಸಿ ಎನ್ನುವ ವಾದ. ಶಾಸ್ತ್ರಗಳಲ್ಲಿ ಅವನನ್ನು ಬೈದು ಅರ್ಜಿ ವಜಾ ಮಾಡಿದ್ದಾರೆ. ಆದರೆ ಅವನ ಪುಸ್ತಕಗಳೇ ಉಳಿದಿಲ್ಲ. ಎದುರುವಾದಿಗಳು ಬರೆದಿಟ್ಟದ್ದನ್ನು ನಂಬಿ ನಾವು ತೀರ್ಪು ಓದುತ್ತಿದ್ದೇವೆ.

ನಮ್ಮ ಜಿಲ್ಲೆಯವರೇ ಆದ ಎ.ಎನ್. ಮೂರ್ತಿರಾಯರು ಚಾರ್ವಾಕನ ಕಡೆಗೆ ವಾಲಿದವರು. 1900ರಲ್ಲಿ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದವರು. ಕನ್ನಡದಲ್ಲಿ ಹರಟೆ ಹೊಡೆಯಲು ಕೂತವರೆಲ್ಲ ಅವರಿಗೊಂದು ನಮಸ್ಕಾರ ಹಾಕಿಯೇ ಮುಂದೆ ಹೋಗಬೇಕು. ತೊಂಬತ್ತು ದಾಟಿದ ಮೇಲೆ, 1991ರಲ್ಲಿ, "ದೇವರು" ಎಂಬ ಪುಸ್ತಕ ಬರೆದು ಇಂಥ ನಂಬಿಕೆಗಳನ್ನೆಲ್ಲ ಮೆಲ್ಲಗೆ, ಒಂದಿಷ್ಟೂ ದನಿ ಎತ್ತರಿಸದೆ ಪ್ರಶ್ನೆಗೆ ಒಡ್ಡಿದರು. ಬದುಕಿದ್ದು 2003ರವರೆಗೆ. ಆತ್ಮ ಅಮರ ಎಂದು ನಂಬಿದವರು ಅರವತ್ತಕ್ಕೇ ಹೊರಟುಹೋಗುವುದೂ ಸಂದೇಹಪಟ್ಟವರು ನೂರು ದಾಟುವುದೂ ನೋಡಿದರೆ ನಗು ಬರುತ್ತದೆ.

ವ್ಯಾಜ್ಯಕ್ಕೆ ನನಗೆ ಒಪ್ಪುವ ಪರಿಹಾರ ಸಿಕ್ಕಿದ್ದು ಬಹಳ ದೂರದಲ್ಲೇನೂ ಅಲ್ಲ, ಮೇಲುಕೋಟೆಯಲ್ಲಿ. ರಾಮಾನುಜರು ಅಲ್ಲಿ ಹನ್ನೆರಡು ವರ್ಷ ಇದ್ದರು ಎಂಬುದು ಸಂಪ್ರದಾಯದ ಲೆಕ್ಕ. ಅವರ ಶ್ರೀಭಾಷ್ಯದಲ್ಲಿ ಶರೀರ ಎಂದರೇನು ಎಂಬುದಕ್ಕೆ ಒಂದು ಲಕ್ಷಣ ಕೊಟ್ಟಿದ್ದಾರೆ. ಕೈಕಾಲು ಇರುವುದು ಶರೀರ, ಉಸಿರಾಡುವುದು ಶರೀರ ಎಂದೆಲ್ಲ ಹೇಳುವ ದಾರಿ ಹಿಡಿಯುವುದಿಲ್ಲ. ಯಾವ ದ್ರವ್ಯವನ್ನು ಒಂದು ಚೇತನ ಸದಾ ಹೊತ್ತಿರುತ್ತದೋ, ತನ್ನ ಕೆಲಸಕ್ಕಾಗಿ ನಡೆಸುತ್ತದೋ, ಯಾವುದು ಆ ಚೇತನಕ್ಕಾಗಿಯೇ ಇರುತ್ತದೋ ಅದು ಆ ಚೇತನದ ಶರೀರ. ಹೊರುವುದು, ನಡೆಸುವುದು, ಅದಕ್ಕಾಗಿಯೇ ಇರುವುದು, ಮೂರೂ ಕೂಡಿರಬೇಕು. ಗಮನಿಸಿ, ಇಲ್ಲಿ ಆತ್ಮ ಬದಿನ ಮೇಲೆ ಕೂತಿಲ್ಲ. ಗದ್ದೆಗೆ ಇಳಿದಿದೆ. ನೇಗಿಲ ಮೇಣಿಯ ಮೇಲೆ ಕೈಯಿದೆ. ಮಾವನ ಆಕ್ಷೇಪಣೆಗೆ ಒಂಬೈನೂರು ವರ್ಷ ಮೊದಲೇ ಉತ್ತರ ತಯಾರಿತ್ತು, ಉಪನ್ಯಾಸಕರಿಗೆ ಹೊಳೆಯಲಿಲ್ಲ ಅಷ್ಟೆ.

ರಾಮಾನುಜರು ಅಲ್ಲಿಗೇ ನಿಲ್ಲಿಸುವುದಿಲ್ಲ. ಈ ದೇಹಕ್ಕೆ ಆತ್ಮ ಹೇಗೋ, ಆ ಆತ್ಮಕ್ಕೆ ಪರಮಾತ್ಮ ಹಾಗೆ. ಜೀವರೂ ಜಗತ್ತೂ ಎಲ್ಲ ಅವನ ಶರೀರ. ಅಂದಮೇಲೆ ಮೈಯ ಒಡೆಯ ನಾನು ಎಂದು ಮೀಸೆ ತಿರುವುವ ಆತ್ಮಕ್ಕೂ ಮೇಲೊಬ್ಬ ಖಾತೆದಾರ ಉಂಟು. ಇದರಲ್ಲಿ ನನಗೆ ಹಿಡಿಸಿದ್ದು ಬೇರೆಯೇ ಸಂಗತಿ. ದೇವರಿಗೇ ಶರೀರ ಇದೆ ಎಂದು ಒಪ್ಪಿದ ಮೇಲೆ, ಶರೀರ ಅನ್ನುವುದು ಹೇಸಿಗೆಯ ಮಾತಾಗಿ ಉಳಿಯುವುದಿಲ್ಲ. ಮೇಲುಕೋಟೆಯ ಚೆಲುವನಾರಾಯಣನಿಗೆ ವೈರಮುಡಿ ತೊಡಿಸುವ ರಾತ್ರಿ ಜನ ಮುಗಿಬೀಳುವುದನ್ನು ನೋಡಿ. ಮಂಡ್ಯದ ಜಿಲ್ಲಾ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಕಿರೀಟ ಹೊರಟು, ದಾರಿಯ ಊರೂರಲ್ಲಿ ಪೂಜೆ ಪಡೆದು ಬೆಟ್ಟ ಸೇರುತ್ತದೆ. ಮೈ ಇಲ್ಲದ ದೇವರಿಗೆ ವಜ್ರದ ಕಿರೀಟ ಎಲ್ಲಿ ಇಡುವುದು?

ರಾಮಾನುಜರು ಶ್ರೀರಂಗಕ್ಕೆ ಹಿಂತಿರುಗುವಾಗ ಮೇಲುಕೋಟೆಯ ಶಿಷ್ಯರು ಅಗಲಲಾರದೆ ಗೋಳಾಡಿದರಂತೆ. ಅವರಿಗಾಗಿ ತಮ್ಮದೊಂದು ವಿಗ್ರಹ ಬಿಟ್ಟುಹೋದರು. ತಮ್ಮವರು ಮೆಚ್ಚಿದ ಮೈ ಎಂಬ ಅರ್ಥದಲ್ಲಿ ಅದನ್ನು "ತಮರುಗಂದ ತಿರುಮೇನಿ" ಎನ್ನುತ್ತಾರೆ. ಅವರು ಹುಟ್ಟಿದ ಶ್ರೀಪೆರುಂಬುದೂರಿನಲ್ಲಿ ಇನ್ನೊಂದು ಇದೆ, ಅದು ತಾವೇ ಮೆಚ್ಚಿದ್ದು. ಶ್ರೀರಂಗದಲ್ಲಿ ಇರುವುದು ಸಾಕ್ಷಾತ್ ಅವರ ದೇಹವೇ ಎಂಬುದು ಶ್ರೀವೈಷ್ಣವರ ನಂಬಿಕೆ. ಆತ್ಮದ ವಿಚಾರವಾಗಿ ಅಷ್ಟು ಸೂಕ್ಷ್ಮವಾಗಿ ವಾದ ಮಾಡಿದ ಆಚಾರ್ಯರ ನೆನಪನ್ನು ಅನುಯಾಯಿಗಳು ಮೂರು ಮೈಗಳಲ್ಲಿ ಕಾಪಾಡಿಕೊಂಡಿದ್ದಾರೆ. ಇದರಲ್ಲಿ ವಿರೋಧಾಭಾಸ ಕಾಣುವವರು ಕಾಣಲಿ. ನನಗೆ ಕಾಣುವುದಿಲ್ಲ, ಅವರು ಕಲಿಸಿದ್ದನ್ನೇ ಶಿಷ್ಯರು ಮಾಡಿದ್ದಾರೆ.

ಮೈ ಎಂದ ಕೂಡಲೇ ಊಟದ ಮಾತು ಬರಬೇಕು. ತೈತ್ತಿರೀಯ ಉಪನಿಷತ್ತಿನಲ್ಲಿ ಭೃಗು ಎಂಬ ಹುಡುಗ ಅಪ್ಪ ವರುಣನ ಹತ್ತಿರ ಹೋಗಿ ಬ್ರಹ್ಮ ಎಂದರೇನು ಎಂದು ಕೇಳುತ್ತಾನೆ. ತಪಸ್ಸು ಮಾಡಿ ತಿಳಿ ಎನ್ನುತ್ತಾನೆ ಅಪ್ಪ. ಹುಡುಗ ಹೋಗಿ ತಪಸ್ಸು ಮಾಡಿ ಮೊದಲು ಕಂಡುಕೊಂಡದ್ದು ಅನ್ನವೇ ಬ್ರಹ್ಮ ಎಂದು. ಆಮೇಲೆ ಪ್ರಾಣ, ಮನಸ್ಸು, ವಿಜ್ಞಾನ, ಕಡೆಗೆ ಆನಂದ. ಉಪನ್ಯಾಸಗಳಲ್ಲಿ ಇದನ್ನು ಮೆಟ್ಟಿಲು ಎಂದು ವಿವರಿಸುತ್ತಾರೆ. ಮೇಲೇರಿದ ಮೇಲೆ ಕೆಳಗಿನದನ್ನು ಮರೆಯಬೇಕು ಎಂಬ ಧಾಟಿ. ಆದರೆ ಪುಟ ತಿರುವಿ ನೋಡಿದರೆ ಉಪನಿಷತ್ತು ಆನಂದದಲ್ಲಿ ನಿಲ್ಲುವುದೇ ಇಲ್ಲ. ಮತ್ತೆ ಅನ್ನಕ್ಕೇ ಇಳಿಯುತ್ತದೆ. ಅನ್ನವನ್ನು ಹಳಿಯಬಾರದು, ಬಿಸಾಡಬಾರದು, ಹೆಚ್ಚು ಹೆಚ್ಚು ಬೆಳೆಯಬೇಕು, ಮನೆಗೆ ಬಂದವರನ್ನು ಹಿಂದಕ್ಕೆ ಕಳಿಸಬಾರದು ಎಂದು ವ್ರತಗಳನ್ನು ಹೇಳುತ್ತದೆ. ಬ್ರಹ್ಮಾನಂದ ಸಿಕ್ಕಮೇಲೂ ಮಾಡಬೇಕಾದ ಕೆಲಸ ಭತ್ತ ಬೆಳೆಯುವುದು, ನೆಂಟರಿಗೆ ಬಡಿಸುವುದು. ಇದಕ್ಕಿಂತ ಮಂಡ್ಯದ ಮಾತು ಇನ್ನೇನಿದೆ?

ಅನ್ನಮಯ ಕೋಶದ ಶಕ್ತಿ ತಿಳಿಯಲು ಮದ್ದೂರು ರೈಲ್ವೆ ನಿಲ್ದಾಣ ಒಳ್ಳೆಯ ಜಾಗ. ಅಲ್ಲಿ 1917ರಲ್ಲಿ ರಾಮಚಂದ್ರ ಬುಧ್ಯ ಎಂಬವರು, ರೈಲು ಬಂದುಬಿಟ್ಟಿತಲ್ಲಾ ಎಂಬ ಗಡಿಬಿಡಿಯಲ್ಲಿ, ಪಕೋಡಕ್ಕೆ ಕಲಸಿದ ಹಿಟ್ಟನ್ನೇ ಅಗಲವಾಗಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಅದೇ ಮದ್ದೂರು ವಡೆ. ರವೆ, ಮೈದಾ, ಅಕ್ಕಿಹಿಟ್ಟು, ಕೈತುಂಬ ಈರುಳ್ಳಿ. ಮೈಸೂರು ರೈಲಿನಲ್ಲಿ ಎದುರು ಸೀಟಿನವರು ನಾನು ದೇಹವಲ್ಲ, ಮನಸ್ಸಲ್ಲ, ಶುದ್ಧ ಚೈತನ್ಯ ಎಂದು ರಾಮನಗರ ದಾಟಿದಾಗಿನಿಂದ ಬೋಧಿಸುತ್ತಿದ್ದುದನ್ನು ಕೇಳಿದ್ದೇನೆ. ಮದ್ದೂರಿನಲ್ಲಿ ವಡೆಯವನು ಹತ್ತಿದ. ಶುದ್ಧ ಚೈತನ್ಯ ಎರಡು ತೆಗೆದುಕೊಂಡಿತು, ಚಟ್ನಿ ಇಲ್ಲವೇ ಎಂದು ಕೇಳಿತು.

ಅದೇ ಊರಿನ ದೇವರುಗಳನ್ನು ನೋಡಿ. ಉಗ್ರನರಸಿಂಹನ ಗುಡಿಯ ಪಕ್ಕದಲ್ಲಿ ಆಳೆತ್ತರಕ್ಕೂ ಮೀರಿದ ವರದರಾಜ ನಿಂತಿದ್ದಾನೆ. ಜನ ಅವನನ್ನು ನೇತ್ರನಾರಾಯಣ ಎನ್ನುತ್ತಾರೆ; ಕಣ್ಣು ಬೇನೆ ಇದ್ದವರು ಹರಕೆ ಹೊರುತ್ತಾರೆ. ಶಿಂಷಾ ಹೊಳೆಯ ದಡದ ವೈದ್ಯನಾಥಪುರದಲ್ಲಿ ಶಿವನೇ ವೈದ್ಯ. ಚರ್ಮದ ರೋಗದವರು ಅಲ್ಲಿಗೆ ಹೋಗುತ್ತಾರೆ. ಮೋಕ್ಷ ಕೊಡು ಎಂದು ಕೇಳಿ ಬಂದವರು ಇದ್ದರೆ ಇರಬಹುದು. ನಾನು ಕಂಡವರೆಲ್ಲ ಕೇಳಿದ್ದು ಕಜ್ಜಿ ವಾಸಿ ಮಾಡು ಎಂದು. ಚರ್ಮದ ಡಾಕ್ಟರ ಹತ್ತಿರ ತೋರಿಸಿಕೊಂಡು ಮದ್ದು ಹಚ್ಚಿಕೊಂಡೇ ದೇವರಿಗೂ ಒಂದು ಮಾತು ಹೇಳಿ ಬರುವುದು ಈ ಕಡೆಯ ರೂಢಿ, ಅದರಲ್ಲಿ ತಪ್ಪೇನೂ ಇಲ್ಲ. ಹಬ್ಬದಲ್ಲಿ ಊರದೇವರ ಪೂಜಾರಿ ಗುಡ್ಡಪ್ಪನ ಮೈಮೇಲೆ ದೇವರು ಬರುತ್ತದಲ್ಲ, ಆಗ ಆ ಮೈಯಲ್ಲಿ ಅವನ ಆತ್ಮ ಎಲ್ಲಿ ಕೂತಿರುತ್ತದೆ ಎಂದು ಯಾವ ಭಾಷ್ಯಕಾರರೂ ಹೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಮಾವನನ್ನು ಕೇಳಿದರೆ, "ಒಳಗೇಣಿ ಕಣ್ ಅಳಿಮಯ್ಯ, ಒಂದು ಗಳಿಗೆಗೆ" ಅಂದರು.

ಈಗ ಮಳವಳ್ಳಿ ಕಡೆಗೆ ಬರಬೇಕು. ಆ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ ಇದೆ. ಧರೆಗೆ ದೊಡ್ಡವರು ಎಂದು ಒಕ್ಕಲು ಅವರನ್ನು ಕರೆಯುತ್ತದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಕಾವ್ಯದಲ್ಲಿ ಕಲ್ಯಾಣದ ಸಾಲು ಎಂಬ ಭಾಗ ಒಂದಿದೆ. ಬಸವಣ್ಣನವರ ಕಲ್ಯಾಣಕ್ಕೆ ಮಂಟೇಸ್ವಾಮಿ ಬರುತ್ತಾರೆ. ಹೇಗೆ ಬರುತ್ತಾರೆ? ವಿಭೂತಿ ಧರಿಸಿ ತೇಜಸ್ಸು ಬೀರುತ್ತ ಅಲ್ಲ. ಮೈಯೆಲ್ಲ ಕೊಳೆತು ಕೀವು ಸೋರುವ, ನಾತಕ್ಕೆ ಮೂಗು ಮುಚ್ಚಿಕೊಳ್ಳಬೇಕಾದ ರೂಪದಲ್ಲಿ. ಎಲ್ಲರಲ್ಲೂ ಶಿವನಿದ್ದಾನೆ ಎಂದು ಹೇಳುತ್ತಿದ್ದ ಶರಣರ ಬಾಗಿಲಲ್ಲೇ ಅವರಿಗೆ ತಡೆ ಬೀಳುತ್ತದೆ. ಒಳಗಿನ ಪರಂಜ್ಯೋತಿಯನ್ನು ಕಾಣುತ್ತೇವೆ ಎಂದವರು ಹೊರಗಿನ ಹುಣ್ಣು ದಾಟಿ ನೋಡಲಾಗಲಿಲ್ಲ. ಕಡೆಗೆ ಗುರುತು ಹಿಡಿಯುವವರು ಬಸವಣ್ಣನವರು, ನೀಲಮ್ಮನವರು. ಅವರೂ ಆ ಮೈಯನ್ನು ಕೈಯಾರೆ ಮುಟ್ಟಬೇಕಾಯಿತು.

ಶಂಕರರಿಗೂ ಕಾಶಿಯಲ್ಲಿ ಇಂಥದೇ ಪರೀಕ್ಷೆ ಆದ ಕಥೆ ಇದೆ. ದಾರಿಗೆ ಎದುರಾದ ಚಂಡಾಲನಿಗೆ ಸರಿದು ನಿಲ್ಲು ಎಂದರೆ, ಸರಿಯಬೇಕಾದ್ದು ಈ ಮೈಯೋ ಒಳಗಿನ ಚೈತನ್ಯವೋ ಎಂದು ಅವನು ಕೇಳಿದ. ಮೈ ಆದರೆ ಎರಡೂ ಅನ್ನದಿಂದ ಆದದ್ದು, ಚೈತನ್ಯ ಆದರೆ ಎರಡೂ ಒಂದೇ. ಶಂಕರರು ನಮಸ್ಕರಿಸಿದರು. ಅದು ವಾದದಲ್ಲಿ ಗೆದ್ದ ಕಥೆ. ಮಂಟೇಸ್ವಾಮಿಯದು ವಾದವೇ ಅಲ್ಲ. ಅವರು ಪ್ರಶ್ನೆ ಕೇಳುವುದಿಲ್ಲ, ಕೊಳೆತ ಮೈಯನ್ನು ತಂದು ಹೊಸ್ತಿಲ ಮೇಲೆ ಇಡುತ್ತಾರೆ. ಆತ್ಮ ಎಲ್ಲರಲ್ಲೂ ಒಂದೇ ಎಂಬ ಮಾತು ನಿಜವೋ ಸುಳ್ಳೋ ಎಂದು ತಿಳಿಯುವುದು ಮೈ ಮುಟ್ಟುವ ಹೊತ್ತಿನಲ್ಲಿ. ನಮ್ಮ ದೇಶದಲ್ಲಿ ಆತ್ಮದ ಸಮಾನತೆಯನ್ನು ಎಷ್ಟು ಎತ್ತರದ ದನಿಯಲ್ಲಿ ಹೇಳಿದ್ದೇವೋ ಮೈಯ ಅಸ್ಪೃಶ್ಯತೆಯನ್ನು ಅಷ್ಟೇ ಬಿಗಿಯಾಗಿ ಆಚರಿಸಿದ್ದೇವೆ. ಮೇಲುಕೋಟೆಯಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ತಿರುಕುಲತ್ತಾರ್ ಎಂದು ಹೆಸರಿಟ್ಟು ವರ್ಷದಲ್ಲಿ ಕೆಲವು ದಿನ ಗುಡಿಯೊಳಗೆ ಬಿಡುತ್ತಿದ್ದ ಏರ್ಪಾಟು ರಾಮಾನುಜರದು ಎನ್ನುತ್ತಾರೆ. ಅವರ ಕಾಲಕ್ಕೆ ಅದು ದೊಡ್ಡದು. ಆದರೆ ಉಳಿದ ದಿನಗಳಲ್ಲಿ ಆ ಆತ್ಮಗಳು ಯಾರ ಶರೀರವಾಗಿದ್ದವು ಎಂದು ಕೇಳುವುದಕ್ಕೆ ಮಂಟೇಸ್ವಾಮಿಯೇ ಬರಬೇಕಾಯಿತು. ಅವರ ಶಿಷ್ಯ ಸಿದ್ದಪ್ಪಾಜಿ ನಮ್ಮ ಮದ್ದೂರು ತಾಲ್ಲೂಕಿನ ನಿಡಘಟ್ಟದ ಕುಲುಮೆಯ ಹುಡುಗ ಕೆಂಪಾಚಾರಿ. ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ತರಲು ಹೋಗಿ ಅವನು ಪಟ್ಟ ಪಾಡೆಲ್ಲ ಮೈಯ ಪಾಡೇ. ಬೆಂಕಿಯ ಎದುರು ದುಡಿದ ಜನ ಕಟ್ಟಿಕೊಂಡ ಕಾವ್ಯದಲ್ಲಿ ದೇಹ ಮಾಯೆಯಾಗಲು ಹೇಗೆ ಸಾಧ್ಯ?

ಸಾವಿನ ವಿಷಯ ಮುಟ್ಟದೆ ಈ ಮಾತು ಮುಗಿಯುವುದಿಲ್ಲ. ಹಳೇ ಬಟ್ಟೆ ಕಳಚಿ ಹೊಸದು ಉಟ್ಟಂತೆ ಆತ್ಮ ದೇಹ ಬದಲಿಸುತ್ತದೆ ಎಂಬುದು ಗೀತೆಯ ಎರಡನೆಯ ಅಧ್ಯಾಯದ ಮಾತು. ಸಾವಿನ ಮನೆಗೆ ಮಾತಾಡಿಸಲು ಬಂದವರಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಯುದ್ಧಭೂಮಿಯಲ್ಲಿ ಕೈಚೆಲ್ಲಿ ಕೂತವನಿಗೆ ಹೇಳಿದ್ದನ್ನು ಗಂಡನನ್ನು ಕಳೆದುಕೊಂಡು ಕೂತವಳಿಗೆ ಹೇಳುವುದು ನನಗೆ ಸರಿಕಾಣದು. ಹೆಣದ ವಿಚಾರದಲ್ಲೂ ರಾಮಾನುಜರು ಹೆಚ್ಚು ನಿಕಟವಾಗಿ ನೋಡಿದ್ದಾರೆ. ಚೇತನ ಬಿಟ್ಟ ಗಳಿಗೆಯಿಂದಲೇ ಅದು ಬಿಚ್ಚಿಕೊಳ್ಳಲು ತೊಡಗುತ್ತದೆ. ಹಿಂದೆ ಶರೀರವಾಗಿತ್ತಲ್ಲ, ಆ ಬಳಕೆಯಿಂದ ಈಗಲೂ ಶರೀರ ಎನ್ನುತ್ತೇವೆ ಎಂದು ಅವರ ವಿವರಣೆ. ಬಟ್ಟೆ ಹಾಗಲ್ಲ. ತೊಟ್ಟವನು ಹೋದಮೇಲೂ ಗೂಟದಲ್ಲಿ ಬಟ್ಟೆಯಾಗಿಯೇ ನೇತಾಡುತ್ತದೆ.

2018ರ ನವೆಂಬರ್ 24ರಂದು ಬೆಂಗಳೂರಿನಲ್ಲಿ ನಟ ಅಂಬರೀಶ್ ತೀರಿಕೊಂಡರು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು. ಮಂಡ್ಯದ ಜನ ಕೇಳಿದ್ದು ಒಂದೇ: ಅಣ್ಣನ್ನ ಇಲ್ಲಿಗೆ ಕರ್ಕಂಡು ಬನ್ನಿ. ಮಾರನೆಯ ದಿನ ಹೆಲಿಕಾಪ್ಟರಿನಲ್ಲಿ ದೇಹ ತಂದು ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಇಟ್ಟರು. ರಾತ್ರಿಯೆಲ್ಲ ಜನ ಸಾಲುಗಟ್ಟಿದರು. ಮತ್ತೆ ಬೆಂಗಳೂರಿಗೆ ಹೊರಡುವಾಗ ಮಂಡ್ಯದ ಮಣ್ಣನ್ನು ಅವರ ಹಣೆಗೆ ಹಚ್ಚಿದರು. ಆತ್ಮ ಹೋಗಿದೆ, ಇದು ಬರೀ ಮಣ್ಣು ಎಂದು ಆ ಸಾಲಿನಲ್ಲಿ ನಿಂತವರಿಗೆ ತಿಳಿಸುವ ಎದೆಗಾರಿಕೆ ಯಾವ ವೇದಾಂತಿಗೂ ಇರಲಿಲ್ಲ. ಇದ್ದಿದ್ದರೆ ಅವರು, ನಮ್ದೂ ಮಣ್ಣೇ, ಅದಕ್ಕೇ ಬಂದಿವಿ ಅನ್ನುತ್ತಿದ್ದರೇನೋ.

ಇದಕ್ಕೆ ವಿರುದ್ಧದ ಮಂಡ್ಯವೂ ಒಂದು ಇದೆ. 2015ರಲ್ಲಿ ರಾಮ್ ರೆಡ್ಡಿ ನೊದೆಕೊಪ್ಪಲಿನ ಜನರನ್ನೇ ನಟರಾಗಿಸಿ ತೆಗೆದ "ತಿಥಿ" ಸಿನಿಮಾ ಲೊಕಾರ್ನೊ ಚಿತ್ರೋತ್ಸವದ ಒಂದು ವಿಭಾಗದಲ್ಲಿ ಚಿನ್ನದ ಚಿರತೆ ಗೆದ್ದಿತು. ಅದರಲ್ಲಿ ನೂರೊಂದು ವರ್ಷದ ಸೆಂಚುರಿಗೌಡ ಸಾಯುತ್ತಾನೆ. ಜಮೀನು ಅವನ ಮಗ ಗಡ್ಡಪ್ಪನಿಗೆ ಬರಬೇಕು. ಗಡ್ಡಪ್ಪನಿಗೆ ಜಮೀನೂ ಬೇಡ, ಮನೆಯೂ ಬೇಡ, ಬ್ರಾಂದಿ ಸೀಸೆ ಇಟ್ಟುಕೊಂಡು ಬಯಲಲ್ಲಿ ಅಲೆಯುತ್ತಾನೆ. ಅವನ ಮಗ ತಮ್ಮಣ್ಣ ಜಮೀನು ಮಾರುವ ಆತುರಕ್ಕೆ ಅಪ್ಪನ ಹೆಸರಲ್ಲಿ ಸುಳ್ಳು ಮರಣ ಪತ್ರ ಮಾಡಿಸುತ್ತಾನೆ. ದೇಹ ನಡೆದಾಡುತ್ತಿದೆ, ಆತ್ಮ ಒಳಗೇ ಇದೆ, ದಾಖಲೆಯಲ್ಲಿ ಮಾತ್ರ ಮನುಷ್ಯ ಸತ್ತಿದ್ದಾನೆ. ಸಾಂಖ್ಯರೂ ವೇದಾಂತಿಗಳೂ ಎಣಿಸದೆ ಬಿಟ್ಟ ಮೂರನೆಯ ತತ್ತ್ವ ತಾಲ್ಲೂಕು ಕಚೇರಿಯಲ್ಲಿದೆ. ಎಲ್ಲರೂ ಹೊಲಕ್ಕಾಗಿ ಬಡಿದಾಡುವಾಗ ಬದಿನ ಮೇಲೆ ನಿರಾಳವಾಗಿ ನಡೆದುಹೋಗುವ ಗಡ್ಡಪ್ಪನನ್ನು ನೋಡಿದಾಗ, ಸಾಕ್ಷಿ ಪುರುಷ ಅಂದರೆ ಇವನೇ ಇರಬೇಕು ಎಂದು ನನಗೆ ಅನ್ನಿಸಿದ್ದುಂಟು.

ತಿಥಿ ಹನ್ನೊಂದನೆಯ ದಿನವೇ ಯಾಕೆ? ಗರುಡಪುರಾಣದ ಲೆಕ್ಕ ಸ್ವಾರಸ್ಯವಾಗಿದೆ. ಸತ್ತವನ ಜೀವ ಮೈಯಿಲ್ಲದೆ ಇರಲಾರದು. ಆದ್ದರಿಂದ ದಿನಕ್ಕೊಂದು ಪಿಂಡ ಇಟ್ಟು ಅದಕ್ಕೊಂದು ಹೊಸ ಮೈ ಕಟ್ಟಿಕೊಡಬೇಕು. ಮೊದಲ ದಿನದ ಪಿಂಡದಿಂದ ತಲೆ, ಹೀಗೇ ಒಂದೊಂದೇ ಅಂಗ. ಹತ್ತನೆಯ ದಿನದ ಪಿಂಡದಿಂದ ಹಸಿವು, ಬಾಯಾರಿಕೆ. ಹಸಿವಾದ ಮೇಲೆ ಹನ್ನೊಂದನೆಯ ದಿನ ಊಟ. ಮೈ ಪೂರ್ತಿಯಾಯಿತು ಎಂಬುದಕ್ಕೆ ಗುರುತು ಹಸಿವು! ನಮ್ಮ ಕಡೆ ಯಾರೂ ಗರುಡಪುರಾಣ ಓದಿ ಎಡೆ ಇಡುವುದಿಲ್ಲ, ಆದರೂ ತಾತನಿಗೆ ಏನು ಇಷ್ಟವಿತ್ತು ಎಂಬುದು ಮನೆಮಂದಿಗೆಲ್ಲ ಬಾಯಿಪಾಠ. ಪಿತೃಪಕ್ಷದ ಮಾರ್ಲಮಿಗೆ ಹಿರಿಯರ ಮುಂದೆ ಬಾಡೂಟದ ಎಲೆ ಬೀಳುತ್ತದೆ. ಪಕ್ಕದಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ, ಕುಡಿಯುತ್ತಿದ್ದವರಿಗೆ ಒಂದು ಸೀಸೆ. ಡಾಕ್ಟರು ಬಿಡಿಸಿದ್ದನ್ನೆಲ್ಲ ಮಕ್ಕಳು ಮರಳಿ ಕೊಡುತ್ತಾರೆ.

ನನ್ನ ಮತ ಕೇಳಿದರೆ, ಅರ್ಧ ಮೇಲುಕೋಟೆಗೆ, ಅರ್ಧ ಬೊಪ್ಪೇಗೌಡನಪುರಕ್ಕೆ. ಒಂದು ಕಡೆ ಮೈಯನ್ನು ಹೊತ್ತು ನಡೆಸುವ ಹೊಣೆ ಆತ್ಮಕ್ಕೆ ಬಿತ್ತು, ಇನ್ನೊಂದು ಕಡೆ ಪಕ್ಕದವನ ಮೈಯ ಹೊಣೆಯೂ ಬಿತ್ತು. ಒಪ್ಪದವರು ಮಾರ್ಲಮಿಗೆ ನಮ್ಮ ಕಡೆ ಬನ್ನಿ, ಕೂತು ವಾದ ಮಾಡೋಣ. ಯಾರ ಮನೆಗೆ ಬಂದರೂ ಉಣ್ಣದೆ ಕಳಿಸುವುದಿಲ್ಲ. ಆದರೆ ಹಿರಿಯರ ಎಡೆ ಎತ್ತುವವರೆಗೆ ಕಾಯಬೇಕು, ಮೊದಲ ಪಂಕ್ತಿ ಅವರದು.